ಭಾನುವಾರದ ಬಟ್ಟಲುಗಳು

ಟೋಕಿಯೊದ ಓಜಿಮಾದಲ್ಲಿದ್ದ ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ ನಡೆಯಬೇಕಿತ್ತು. ಊಟದ ಮೇಜು ಅಲ್ಲಿ ಪೂರ್ತಿ ಹಿಡಿಯದೆ ಅರ್ಧ ಅಡುಗೆಮನೆಯಲ್ಲಿ, ಇನ್ನರ್ಧ ಪಕ್ಕದ ಕೋಣೆಯಲ್ಲಿ ಚಾಚಿಕೊಂಡಿತ್ತು. ಒಲೆಯ ತುದಿಗೆ ಅಮ್ಮ, ಪುಸ್ತಕದ ಕಪಾಟಿನ ತುದಿಗೆ ಅಪ್ಪ, ನಡುವೆ ಹೊಸ್ತಿಲಿನ ಪಟ್ಟಿಯ ಮೇಲೆ ನಾನು. ನನ್ನ ಕುರ್ಚಿಯ ಎರಡು ಕಾಲು ಪಟ್ಟಿಯ ಮೇಲೆ, ಇನ್ನೆರಡು ಕೆಳಗೆ ಇದ್ದದ್ದರಿಂದ ಕೂತರೆ ಅಲುಗಾಡುತ್ತಿತ್ತು. ಅಪ್ಪ ಗಣಿತಜ್ಞ. ತಪ್ಪೆಂದು ಗೊತ್ತಾದ ಲೆಕ್ಕದ ಹಾಳೆಗಳನ್ನು ಅವನು ಬಿಸಾಡುತ್ತಿರಲಿಲ್ಲ, ಮಡಚಿ ಮಡಚಿ ನನ್ನ ಕುರ್ಚಿಯ ಕಾಲಿನಡಿ ತುರುಕುತ್ತಿದ್ದ. ಕಾಗದ ಸವೆಯುವ ಹೊತ್ತಿಗೆ ಹೊಸ ತಪ್ಪೊಂದು ಸಿದ್ಧವಾಗಿರುತ್ತಿತ್ತು. ಈಗ ನಾನಿರುವುದು ಅದೇ ಊರಿನ ತೊಯೊಸುವಿನ ಎತ್ತರದ ಕಟ್ಟಡದಲ್ಲಿ. ಅಡುಗೆಮನೆಯಲ್ಲಿ ಆರು ಜನ ಓಡಾಡಬಹುದು, ಓಡಾಡುವುದಕ್ಕೆ ಜನವಿಲ್ಲ. ಮಗ ನನ್ನ ಕನ್ನಡಕ್ಕೆ ಜಪಾನೀಸಿನಲ್ಲಿ ಉತ್ತರ ಕೊಟ್ಟು ತನ್ನ ಕೋಣೆ ಸೇರುತ್ತಾನೆ. ಅವನ ಮೇಲೆ ಸಿಟ್ಟು ಬಂದಾಗೆಲ್ಲ ನನಗೆ ಆ ಅಲುಗಾಡುವ ಕುರ್ಚಿ ನೆನಪಾಗುತ್ತದೆ.

ಅಪ್ಪ ಸ್ಟೊಯಾನ್, ಬಲ್ಗೇರಿಯಾದವನು. ಅಮ್ಮ ಮಾಲತಿ, ಬೆಂಗಳೂರಿನ ರಾಜಾಜಿನಗರದವಳು. ಇಬ್ಬರೂ ಸಂಶೋಧನೆಗೆಂದು ಟೋಕಿಯೊಗೆ ಬಂದು ಒಂದೇ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಪರಿಚಯವಾದವರು. ಯಾರು ಯಾರನ್ನು ಮೊದಲು ಮಾತಾಡಿಸಿದರು ಎನ್ನುವ ಜಗಳ ನಾನು ಹುಟ್ಟುವುದಕ್ಕಿಂತ ಹಳೆಯದು, ಅದನ್ನು ಇಲ್ಲಿ ಇತ್ಯರ್ಥ ಮಾಡಲು ಹೋಗುವುದಿಲ್ಲ. ಜಪಾನಿನವರಿಗೆ ಬಲ್ಗೇರಿಯಾ ಅಂದರೆ ಮೊಸರು, ಇಂಡಿಯಾ ಅಂದರೆ ಕರಿ. ಶಾಲೆಯಲ್ಲಿ ನನ್ನನ್ನು ಕಂಡವರು ಎರಡನ್ನೂ ಕಲಸಿ ಪ್ರಶ್ನೆ ಕೇಳುತ್ತಿದ್ದರು. ಮನೆಯೊಳಗೆ ಅಪ್ಪ ಅಮ್ಮನ ನಡುವೆ ಇಂಗ್ಲಿಷು, ಅಮ್ಮನ ಹತ್ತಿರ ನನಗೆ ಕನ್ನಡ, ಅಪ್ಪನ ಹತ್ತಿರ ಅಷ್ಟಿಷ್ಟು ಬಲ್ಗೇರಿಯನ್, ಹೊಸ್ತಿಲು ದಾಟಿದರೆ ಜಪಾನೀಸು. ಬಲ್ಗೇರಿಯಾದಲ್ಲಿ ಮಕ್ಕಳು ತಂದೆಯನ್ನು ‘ತಾತೆ’ ಅನ್ನುತ್ತಾರೆ. ನಾನು ಹಾಗೆ ಕರೆಯುವುದನ್ನು ಫೋನಿನಲ್ಲಿ ಕೇಳಿಸಿಕೊಂಡ ರಾಜಾಜಿನಗರದ ಅಜ್ಜಿ ಗಾಬರಿಯಾಗಿದ್ದಳು.

"ಅಯ್ಯೋ, ಅಷ್ಟೊಂದ್ ವಯಸ್ಸಾಗಿದ್ಯೇನೇ ಅವ್ರಿಗೆ? ನೀನು ಹೇಳ್ಲೇ ಇಲ್ವಲ್ಲೇ ಮಾಲತಿ!"

ಅಂದಿನಿಂದ ಅವನು ನನಗೆ ಅಪ್ಪನಾದ. ಅವನ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಅವನಿಗೆ ಬರುತ್ತಿದ್ದ ಕನ್ನಡ ಅಂದರೆ ‘ಸಾಕು’, ‘ಖಾರ’, ‘ಚೆನ್ನಾಗಿದೆ’, ಇಷ್ಟೇ. ಮೂರೂ ಊಟಕ್ಕೆ ಸಂಬಂಧಿಸಿದವು. ಸಾಕು ಎಂಬುದನ್ನು ಎಂದೂ ಬಳಸಿದವನಲ್ಲ.

ಅಪ್ಪನ ಗಣಿತದ ವಿಷಯ ಮತ ಎಣಿಕೆ. ಹಲವರು ಹಲವು ಆಸೆಗಳನ್ನಿಟ್ಟುಕೊಂಡು ಒಂದೆಡೆ ಸೇರಿದಾಗ, ಯಾರಿಗೂ ಅನ್ಯಾಯವಾಗದಂತೆ ಅದರಿಂದ ಒಂದು ತೀರ್ಮಾನ ತೆಗೆಯುವುದು ಹೇಗೆ ಎನ್ನುವುದು ಅವನ ಜೀವನದ ಪ್ರಶ್ನೆ. ಪೂರ್ತಿ ನ್ಯಾಯವಾದ ದಾರಿಯೇ ಇಲ್ಲವೆಂದು ಗಣಿತ ತೋರಿಸಿಕೊಟ್ಟಿದೆ ಎಂದು ಅವನೇ ಹೇಳುತ್ತಿದ್ದ. ಹೇಳಿಯೂ ಹುಡುಕುತ್ತಿದ್ದ. ಹುಡುಕಾಟದ ಒಂದು ತುದಿ ನಮ್ಮ ಅಡುಗೆಮನೆಗೆ ಬಂದು ತಾಗಿತ್ತು. ಪ್ರತಿ ಭಾನುವಾರ ರಾತ್ರಿಯ ಅಡುಗೆ ಏನಾಗಬೇಕೆಂಬುದು ನಮ್ಮ ಮನೆಯಲ್ಲಿ ಮತಕ್ಕೆ ಹೋಗುತ್ತಿತ್ತು. ಅಮ್ಮ ಬೆಂಗಳೂರಿನಿಂದ ತಂದ, ಅಜ್ಜಿಯ ಹೆಸರು ಕೆತ್ತಿಸಿದ ಮೂರು ಸ್ಟೀಲ್ ಬಟ್ಟಲುಗಳು ಮೇಜಿನ ಮೇಲೆ ಬರುತ್ತಿದ್ದವು. ಒಬ್ಬೊಬ್ಬರದು ಒಂದೊಂದು ತಿನಿಸು. ಒಣಮೆಣಸಿನಕಾಯಿ ಇಟ್ಟ ಬಟ್ಟಲು ಅಮ್ಮನ ಬಿಸಿಬೇಳೆಬಾತ್. ಚೀಸಿನ ತುಂಡು ಇಟ್ಟದ್ದು ಅಪ್ಪನ ಊರಿನ ಬಾನಿತ್ಸ, ಅಂದರೆ ಪದರ ಪದರವಾಗಿ ಸುತ್ತಿ ಬೇಯಿಸಿದ ಚೀಸ್ ರೊಟ್ಟಿ. ಎಲೆಕೋಸಿನ ಎಲೆ ಇಟ್ಟದ್ದು ನನ್ನ ಓಕೊನೊಮಿಯಾಕಿ. ಕೋಸು ಹೆಚ್ಚಿ ಹಾಕಿ ಹೆಂಚಿನ ಮೇಲೆ ಹುಯ್ಯುವ ಆ ದಪ್ಪ ದೋಸೆಯನ್ನು ನಾನು ವಾರವಿಡೀ ತಿನ್ನಬಲ್ಲವಳಾಗಿದ್ದೆ. ಮತಕ್ಕೆ ಇಲ್ಲಿಯ ಅಜುಕಿ ಕಾಳು. ನೋಡಲು ಅಲಸಂದೆಯ ತಂಗಿಯ ಹಾಗೆ, ಕೆಂಪಗೆ, ಪುಟ್ಟಗೆ. ಹೆಚ್ಚು ಇಷ್ಟವಾದ ಬಟ್ಟಲಿಗೆ ಮೂರು ಕಾಳು, ಆಮೇಲಿನದಕ್ಕೆ ಎರಡು, ಕೊನೆಯದಕ್ಕೆ ಒಂದು. ಹೆಚ್ಚು ಕಾಳು ಬಿದ್ದದ್ದು ಅಡುಗೆಯಾಗುತ್ತಿತ್ತು. ಮೂರೂ ಸಮ ಬಂದರೆ ಮನೆಯಲ್ಲಿ ಚಿಕ್ಕವರು ಹೇಳಿದ್ದೇ ಕೊನೆ. ಇದು ಅಪ್ಪ ಮಾಡಿದ ನಿಯಮ. ಮನೆಯಲ್ಲಿ ಚಿಕ್ಕವಳು ನಾನೊಬ್ಬಳೇ ಆದ್ದರಿಂದ ನನ್ನ ಪಾಲಿಗೆ ಅದು ಸಿಂಹಾಸನವಾಗಿತ್ತು.

ಕಾಳು ಹಾಕುವ ಮುಂಚೆ ವಾದ ಮಾಡಬೇಕಿತ್ತು. ಅಪ್ಪ ಬಾನಿತ್ಸದ ಪರವಾಗಿ ಎದ್ದು ನಿಂತು ಮಾತಾಡುತ್ತಿದ್ದ. ಚಳಿ, ಬೆಣ್ಣೆ, ಅವನ ಅಜ್ಜಿಯ ಕೈ, ಕಳೆದ ವಾರದ ಅನ್ಯಾಯ, ಎಲ್ಲವೂ ಬರುತ್ತಿದ್ದವು. ಅಮ್ಮ ಸೌಟು ಹಿಡಿದು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದಳು.

"ಬೇಳೆ ಆಲ್ರೆಡಿ ನೆನೆಹಾಕಿದೀನಿ, ಆಮೇಲೆ ನಿಮ್ಮಿಷ್ಟ."

ಇದು ಮತದಾರರ ಮೇಲೆ ಒತ್ತಡ ಹೇರುವುದು ಎಂದು ಅಪ್ಪ ಕೂಗಾಡುತ್ತಿದ್ದ. ಸೋತರೆ ಅರ್ಧ ತಟ್ಟೆ ಮುಗಿಯುವವರೆಗೂ ಮುಖ ಊದಿಸಿಕೊಂಡಿರುತ್ತಿದ್ದ. ನಾವು ಮೂವರೂ ಹಟಮಾರಿಗಳು. ಅಪ್ಪನಿಗೆ ಬಾನಿತ್ಸ ಆಗದಿದ್ದರೆ ಓಕೊನೊಮಿಯಾಕಿ, ಖಾರದ ಬಿಸಿಬೇಳೆಬಾತ್ ಕೊನೆಗೆ. ಅಮ್ಮನಿಗೆ ಬಿಸಿಬೇಳೆಬಾತ್ ಬಿಟ್ಟರೆ ಬಾನಿತ್ಸ, ಕೋಸಿನ ದೋಸೆ ಅಂದರೆ ಅವಳು ಮೂಗು ಮುರಿಯುತ್ತಿದ್ದಳು. ನಾನು ಜಾಗ್ರತೆಯಾಗಿ ಓಕೊನೊಮಿಯಾಕಿಗೆ ಮೂರು, ಬಿಸಿಬೇಳೆಬಾತಿಗೆ ಎರಡು, ಬಾನಿತ್ಸಕ್ಕೆ ಒಂದು ಹಾಕಿದರೆ ಮೂರು ಬಟ್ಟಲೂ ಸಮ ಬರುತ್ತಿದ್ದವು. ಆಗ ತೀರ್ಪು ನನ್ನದು. ನಾನು ಇದನ್ನು ಕಂಡುಹಿಡಿದು ಆಡುತ್ತಿದ್ದೇನೆ ಎಂದು ಅಪ್ಪನಿಗೆ ಗೊತ್ತಾದ ದಿನ ಅವನು ನನ್ನನ್ನು ಎತ್ತಿಕೊಂಡು ಕುಣಿದುಬಿಟ್ಟ. ಕೆಳಗಿನ ಮನೆಯ ನಿಶಿದಾ-ಸಾನ್ ಏನಾದರೂ ಬಿದ್ದು ಒಡೆಯಿತೇ ಎಂದು ಮೇಲೆ ಬಂದು ವಿಚಾರಿಸಿದರು.

ಆದರೆ ಮಗು ಎಂದು ಅಪ್ಪ ನನಗೆ ಒಂದು ಕಾಳನ್ನೂ ಬಿಟ್ಟುಕೊಟ್ಟವನಲ್ಲ. ಒಂದು ಸಲ ನನ್ನ ಹುಟ್ಟುಹಬ್ಬ ಭಾನುವಾರವೇ ಬಂದಿತ್ತು. ಅವತ್ತು ನಾನು ಓಕೊನೊಮಿಯಾಕಿ ಬಿಟ್ಟು ಕೊಂಬಿನಿಯಲ್ಲಿ, ಅಂದರೆ ಹಗಲೂ ರಾತ್ರಿ ತೆರೆದಿರುವ ಮೂಲೆಯಂಗಡಿಯಲ್ಲಿ, ಸಿಗುವ ಕರಿದ ಕೋಳಿ ಬೇಕೆಂದು ಹಟ ಹಿಡಿದಿದ್ದೆ. ಅಪ್ಪ ಎಂದಿನಂತೆ ತನ್ನ ಚೀಸಿಗೆ ಮೂರು ಹಾಕಿ ನನ್ನ ಬಟ್ಟಲಿಗೆ ಒಂದೇ ಒಂದು ಕಾಳು ಹಾಕಿದ. ನಾನು ಸೋತೆ. ಹುಟ್ಟುಹಬ್ಬದ ದಿನ ಸೋಲಿಸುತ್ತಾನೆಂದರೆ ಎಂಥ ಅಪ್ಪ ಎಂದು ಗೋಳೋ ಎಂದು ಅತ್ತೆ. ಅಮ್ಮನೂ ಅವನನ್ನು ಬೈದಳು. ಅಪ್ಪ ನನ್ನ ಕುರ್ಚಿಯ ಪಕ್ಕ ಮಂಡಿಯೂರಿ ಕೂತು, ದೊಡ್ಡವರ ಜೊತೆ ಮಾತಾಡುವ ಗಂಭೀರ ದನಿಯಲ್ಲಿ ಹೇಳಿದ.

"ನಿನಗೆ ಬೇಕು ಎಂದು ನಾನೂ ಅದಕ್ಕೇ ಹಾಕಿದರೆ ನಿನ್ನ ಮತವನ್ನೇ ಎರಡು ಸಲ ಎಣಿಸಿದ ಹಾಗೆ, ಮಿರಾ. ಆಗ ನಾನು ಈ ಮೇಜಿನಲ್ಲಿ ಎಲ್ಲಿದ್ದೇನೆ?"

ನನಗೆ ಆ ಮಾತು ಆಗ ರುಚಿಸಲಿಲ್ಲ, ಕೋಳಿಯೇ ಬೇಕಿತ್ತು. ಮಾರನೆಯ ದಿನ ಅವನೇ ಕೊಂಬಿನಿಗೆ ಕರೆದುಕೊಂಡು ಹೋಗಿ ಕೊಡಿಸಿದ. ಅದು ಮತದಾನಕ್ಕೆ ಸಂಬಂಧಿಸಿದ್ದಲ್ಲ ಎಂದು ಎರಡೆರಡು ಸಲ ಹೇಳಿದ.

ಜಪಾನಿನಲ್ಲಿ ನಮಗೆ ಯಾರಿಗೂ ಮತದ ಹಕ್ಕು ಇರಲಿಲ್ಲ. ಚುನಾವಣೆ ಬಂದರೆ ಬಿಳಿ ಕೈಗವಸು ತೊಟ್ಟ ಹೆಂಗಸರು ವ್ಯಾನಿನ ಕಿಟಕಿಯಿಂದ ಕೈಬೀಸುತ್ತ, ಮೈಕಿನಲ್ಲಿ ಅಭ್ಯರ್ಥಿಯ ಹೆಸರು ಕೂಗುತ್ತ ನಮ್ಮ ಕಟ್ಟಡಗಳ ನಡುವೆ ಸುತ್ತುತ್ತಿದ್ದರು. ನಾನೂ ಅಪ್ಪನೂ ಬಾಲ್ಕನಿಯಲ್ಲಿ ಒಣಗಲು ಹಾಕಿದ ಹಾಸಿಗೆಗಳ ನಡುವೆ ನಿಂತು ವಾಪಸು ಕೈಬೀಸುತ್ತಿದ್ದೆವು. ಅವರು ತಲೆಬಾಗಿಸಿ ಅರಿಗಾತೋ, ಧನ್ಯವಾದ ಎಂದಾಗ ಅಪ್ಪನಿಗೆ ಪಾಪಪ್ರಜ್ಞೆ.

"ಪಾಪ, ಸುಮ್ಮನೆ ನಮ್ಮ ಮೇಲೆ ನಗು ಖರ್ಚು ಮಾಡಿದರು," ಅನ್ನುತ್ತಿದ್ದ.

ಅವನು ಹುಡುಗನಾಗಿದ್ದಾಗ ಅವನ ದೇಶದಲ್ಲಿ ಒಂದೇ ಪಕ್ಷ, ಒಂದೇ ಹೆಸರು. ಬೆಳಗ್ಗೆಯೇ ಬ್ಯಾಂಡು ಬಾರಿಸಿ ಎಬ್ಬಿಸಿ ಮತ ಹಾಕಿಸುತ್ತಿದ್ದರಂತೆ. ಎಲ್ಲರೂ ಒಂದೇ ಕಡೆ ಹಾಕಿದ ಡಬ್ಬಿಯನ್ನು ಎಣಿಸುವುದಾದರೂ ಯಾಕೆ ಎಂದು ಕೇಳಿದ್ದಕ್ಕೆ ಅವನಿಗೆ ಶಾಲೆಯಲ್ಲಿ ಏಟು ಬಿದ್ದಿತ್ತು. ತಾನು ಗಣಿತಕ್ಕೆ ಬಂದದ್ದು ಆ ಏಟಿನಿಂದ ಎಂದು ಅವನು ನಗುತ್ತ ಹೇಳುತ್ತಿದ್ದ, ಅಮ್ಮ ನಗುತ್ತಿರಲಿಲ್ಲ. ಅಮ್ಮನಿಗೆ ಇದು ಎಲ್ಲಿಗೆ ಹೋಗುತ್ತದೆ ಎನ್ನುವುದು ಆಗಲೇ ಕಾಣುತ್ತಿತ್ತೆಂದು ಈಗ ಅನಿಸುತ್ತದೆ.

ಓಜಿಮಾದಲ್ಲೇ ಒಂದು ಸಲ ಅವನಿಗೆ ರಾಜಕೀಯದ ರುಚಿ ಹತ್ತಿತು. ನಮ್ಮ ಕಟ್ಟಡದ ನಿವಾಸಿಗಳ ಸಂಘದಲ್ಲಿ ಪ್ರತಿನಿಧಿಯ ಕೆಲಸ ಸರದಿಯ ಮೇಲೆ ಮನೆಯಿಂದ ಮನೆಗೆ ಬರುತ್ತಿತ್ತು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಮರದ ಬಿಲ್ಲೆ ನೇತುಹಾಕುತ್ತಿದ್ದರು. ಉಳಿದವರು ಆ ಬಿಲ್ಲೆ ಕಂಡರೆ ನಿಟ್ಟುಸಿರು ಬಿಡುತ್ತಿದ್ದರು, ಅಪ್ಪ ಅದನ್ನು ಬಟ್ಟೆಯಿಂದ ಒರೆಸಿ ಹೊಳಪು ಬರಿಸಿದ. ಅಂಗಳದಲ್ಲಿ ಮಕ್ಕಳು ಚೆಂಡಾಡಬಹುದೇ ಬೇಡವೇ ಎಂಬ ವಿಷಯ ಸಭೆಗೆ ಬಂತು. ಅಲ್ಲಿಯ ರೂಢಿಯಂತೆ ಮಾತುಕತೆಯೆಲ್ಲ ಮೊದಲೇ ಲಿಫ್ಟಿನ ಬಳಿ, ಕಸದ ಬುಟ್ಟಿಯ ಬಳಿ ಮುಗಿದಿತ್ತು. ಸಭೆಯಲ್ಲಿ ಎಲ್ಲರೂ ಬೇಡವೆಂದು ಕೈಯೆತ್ತಿದರು. ಅಪ್ಪ ಎತ್ತಲಿಲ್ಲ. ಅಷ್ಟೇ ಅಲ್ಲ, ಕಾಳು ಮತ್ತು ಬಟ್ಟಲಿನ ಪದ್ಧತಿಯನ್ನು ತನ್ನ ಮುರುಕು ಜಪಾನೀಸಿನಲ್ಲಿ ವಿವರಿಸತೊಡಗಿದ. ಉಳಿದವರು ತಲೆಯಾಡಿಸುತ್ತ ಕೇಳಿ ಮುಂದಿನ ವಿಷಯಕ್ಕೆ ಹೋದರು. ಮರುದಿನ ನಿಶಿದಾ-ಸಾನ್ ಒಂದು ಚೀಲ ಕಿತ್ತಳೆ ಹಿಡಿದು ಬಂದು ಬಾಗಿಲಲ್ಲಿ ಬಹಳ ಹೊತ್ತು ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತ ನಿಂತರು. ಕೊನೆಗೆ, ನನ್ನ ಮೊಮ್ಮಗನಿಗೂ ಚೆಂಡಾಟ ಇಷ್ಟ, ಆದರೆ ಕೈಯೆತ್ತದಿರುವುದು ಹೇಗೆಂದು ನನಗೆ ಗೊತ್ತಿಲ್ಲ ಎಂದರು. ಅಪ್ಪ ಕಿತ್ತಳೆ ಸುಲಿಯುತ್ತ ಅದನ್ನೇ ಯೋಚಿಸುತ್ತಿದ್ದ.

"ಇಷ್ಟು ವರ್ಷ ಜನರ ಬಗ್ಗೆ ಪ್ರಮೇಯ ಬರೆದೆ, ಮಾಲತಿ. ಅವರ ಜೊತೆ ಒಂದು ಕೋಣೆಯಲ್ಲಿ ಕೂತದ್ದು ಇದೇ ಮೊದಲು."

ಅದಾದ ಮೇಲೆ ಬಲ್ಗೇರಿಯಾದ ರಾಜಧಾನಿ ಸೋಫಿಯಾದಿಂದ ಫೋನು ಬರತೊಡಗಿತು. ಅವನ ಜೊತೆ ಓದಿದವರು ಕೆಲವರು ಸೇರಿ ಹೊಸ ಪಕ್ಷ ಕಟ್ಟಿದ್ದರು. ಚುನಾವಣೆಯ ಕಾನೂನನ್ನು ಹೊಸದಾಗಿ ಬರೆಯಬೇಕು, ನಿನಗಿಂತ ಬಲ್ಲವರು ಯಾರು, ಬಾ ಎಂದರು. ಆಮೇಲೆ, ಬರೆದರೆ ಸಾಲದು, ನೀನೇ ನಿಲ್ಲಬೇಕು ಎಂದರು. ಅಪ್ಪ ಬಾಲ್ಕನಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತ ಮಾತಾಡುತ್ತಿದ್ದ. ನನ್ನ ಬಲ್ಗೇರಿಯನ್ನಿನಲ್ಲಿ ಹಿಮ, ಬ್ರೆಡ್ಡು, ನಿದ್ದೆ, ಮುತ್ತು ಇಂಥ ಪದಗಳಿದ್ದವೇ ಹೊರತು ಆ ಮಾತುಗಳಿರಲಿಲ್ಲ. ಆದರೂ ದನಿ ತಿಳಿಯುತ್ತಿತ್ತು. ಬಾನಿತ್ಸದ ಪರ ವಾದ ಮಾಡುವಾಗಿನ ದನಿ ಅದು. ಅಮ್ಮನಿಗೆ ಸಂಶೋಧನಾ ಸಂಸ್ಥೆಯಲ್ಲಿ ಆಗತಾನೆ ಕಾಯಂ ಕೆಲಸ ಸಿಕ್ಕಿತ್ತು. ಅದಕ್ಕಾಗಿ ಅವಳು ವರ್ಷಾನುಗಟ್ಟಲೆ ಕಾದಿದ್ದಳು. ಅವರಿಬ್ಬರ ಇಂಗ್ಲಿಷ್ ಜಗಳ ಕಾಗದದ ಬಾಗಿಲಿನಾಚೆ ಮೆಲ್ಲಗೆ ನಡೆಯುತ್ತಿತ್ತು. ನಾನು ಚಾಪೆಯ ಮೇಲೆ ಕಿವಿ ನಿಮಿರಿಸಿ ಮಲಗಿರುತ್ತಿದ್ದೆ. ನನಗೆ ಬೇಕಾದದ್ದು ಒಂದೇ, ಮೂವರೂ ಒಂದೇ ಮನೆಯಲ್ಲಿರಬೇಕು. ಓಜಿಮಾ ಆದರೆ ಒಳ್ಳೆಯದು, ಸೋಫಿಯಾ ಆದರೂ ಸರಿ.

ಒಂದು ಭಾನುವಾರ ಮಧ್ಯಾಹ್ನ ಅಪ್ಪ ಬಟ್ಟಲುಗಳನ್ನು ತಾನೇ ತೆಗೆದು ಮೇಜಿನ ಮೇಲಿಟ್ಟ. ಒಂದರ ಮುಂದೆ ಸೋಫಿಯಾದ ತನ್ನ ಹಳೆಯ ಮನೆಯ ಬೀಗದ ಕೈ ಇಟ್ಟ, ಅಂದರೆ ಮೂವರೂ ಅಲ್ಲಿಗೆ. ಇನ್ನೊಂದರ ಮುಂದೆ ಸಂಘದ ಮರದ ಬಿಲ್ಲೆ, ಮೂವರೂ ಇಲ್ಲೇ. ಮೂರನೆಯದರ ಮುಂದೆ ತನ್ನ ಕನ್ನಡಕದ ಡಬ್ಬಿ, ಅವನೊಬ್ಬನೇ ಹೋಗುವುದು. ಅಮ್ಮ ಕೈಕಟ್ಟಿ ಒಲೆಗೆ ಒರಗಿ ನಿಂತಳು.

"ಇದು ಬಿಸಿಬೇಳೆಬಾತ್ ಅಲ್ಲ, ಸ್ಟೊಯಾನ್. ಪ್ಲೀಸ್."

"ನನಗೆ ಬೇರೆ ದಾರಿ ಗೊತ್ತಿಲ್ಲ," ಎಂದ ಅಪ್ಪ. ಅದು ನಿಜವೇ ಆಗಿತ್ತು.

ಮೊದಲು ನಾನು. ಮೂರು ಕಾಳು ಬಿಲ್ಲೆಯ ಬಟ್ಟಲಿಗೆ, ಎರಡು ಬೀಗದ ಕೈಗೆ, ಕನ್ನಡಕದ ಡಬ್ಬಿಗೆ ಒಂದು. ಅದನ್ನೂ ಹಾಕಬೇಕಲ್ಲ ಎಂದು ಸಿಟ್ಟು ಬಂದಿತ್ತು. ಅಪ್ಪ ಬೀಗದ ಕೈಗೆ ಮೂರು, ಕನ್ನಡಕದ ಡಬ್ಬಿಗೆ ಎರಡು, ಬಿಲ್ಲೆಗೆ ಒಂದು ಹಾಕಿದ. ಕಾಳು ಬೀಳುವಾಗ ಅವನು ನನ್ನ ಮುಖ ನೋಡಲಿಲ್ಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅಮ್ಮ ಬಿಲ್ಲೆಗೆ ಮೂರು, ಬೀಗದ ಕೈಗೆ ಒಂದು ಹಾಕಿದರೆ ಗೆಲುವು ನಮ್ಮದು. ಅಮ್ಮನ ಕೆಲಸ ಇಲ್ಲಿದೆ, ನನ್ನ ಶಾಲೆ ಇಲ್ಲಿದೆ, ಅವಳು ಇನ್ನೇನು ಮಾಡಿಯಾಳು ಎಂದು ಧೈರ್ಯವಾಗಿ ಕೂತೆ. ಅಮ್ಮ ಮುಂದೆ ಬಂದು, ಕೈ ಒರೆಸಿಕೊಂಡು, ಮೂರು ಕಾಳನ್ನು ಕನ್ನಡಕದ ಡಬ್ಬಿಯ ಬಟ್ಟಲಿಗೆ ಹಾಕಿದಳು. ಬಿಲ್ಲೆಗೆ ಎರಡು. ಬೀಗದ ಕೈಗೆ ಒಂದು.

ಸ್ಟೀಲಿನ ಮೇಲೆ ಕಾಳು ಬಿದ್ದ ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಪ್ಪ ಹೋಗುತ್ತೇನೆಂದದ್ದಕ್ಕಿಂತ, ಅಮ್ಮ ಅವನು ಹೋಗಲಿ ಎಂದದ್ದಕ್ಕೆ ನನಗೆ ಹೆಚ್ಚು ನೋವಾಯಿತು. ಅಪ್ಪನಿಗೂ ಆಶ್ಚರ್ಯವಾಗಿತ್ತು. ಅಮ್ಮ ಇಂಗ್ಲಿಷು ಬಿಟ್ಟು ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು.

"ಹಿಡ್ಕೊಂಡ್ರೆ ಕೂತ್ಕೋತಾರೆ ಪುಟ್ಟಿ. ಇಲ್ಲೇ, ಈ ಚೇರಲ್ಲೇ ಕೂತಿರ್ತಾರೆ. ಅಷ್ಟೇ. ಇರೋದಿಲ್ಲ."

ಕೂತಿರುವುದಕ್ಕೂ ಇರುವುದಕ್ಕೂ ಏನು ವ್ಯತ್ಯಾಸವೆಂದು ನನಗೆ ತಿಳಿಯಲಿಲ್ಲ. ನಾನು ಬಟ್ಟಲುಗಳನ್ನು ನೋಡಿದೆ. ಮೂರರಲ್ಲೂ ಆರಾರು ಕಾಳು. ಸಮ ಬಂದಿತ್ತು.

"ನಾನು ಹೇಳ್ತೀನಿ! ರೂಲ್ ಇದೆ! ನಾನೇ ಚಿಕ್ಕವಳು!"

ಅಮ್ಮ ತಟ್ಟನೆ ಒಂದು ದೊಡ್ಡ ತಟ್ಟೆಯನ್ನು ಮೂರೂ ಬಟ್ಟಲುಗಳ ಮೇಲೆ ಕವುಚಿದಳು.

"ಬೇಡ. ಇದನ್ನ ಅವಳ್ ಮೇಲ್ ಹಾಕ್ಬೇಡ, ಸ್ಟೊಯಾನ್. ನಾಳೆ ಬೆಳೆದ ಮೇಲೆ ಇದನ್ನೇ ಹೊತ್ಕೊಂಡ್ ಓಡಾಡ್ತಾಳೆ."

ಅವಳು ಕನ್ನಡದಲ್ಲೇ ಅಂದಿದ್ದಳು, ಆದರೂ ಅಪ್ಪನಿಗೆ ಅರ್ಥವಾಯಿತು. ತಾನು ಮಾಡಿದ ನಿಯಮವನ್ನು ಮುರಿಯಲೂ ಆಗದೆ ಪಾಲಿಸಲೂ ಆಗದೆ ಒದ್ದಾಡಿದ. ಕೊನೆಗೆ ಹುಟ್ಟುಹಬ್ಬದ ದಿನದಂತೆಯೇ ನನ್ನ ಪಕ್ಕ ಮಂಡಿಯೂರಿದ.

"ನಿಯಮ ನಿಯಮವೇ, ಮಿರಾ. ಆ ಹಕ್ಕು ನಿನ್ನದೇ. ಅದು ಎಲ್ಲಿಗೂ ಹೋಗುವುದಿಲ್ಲ. ಆದರೆ ಇವತ್ತು ಬೇಡ. ಚುನಾವಣೆಯೊಂದು ಮುಗಿಯಲಿ."

ಚುನಾವಣೆ ಮುಗಿಯುವವರೆಗೆ ಎಂದು ಅವನು ಹೊರಟ. ಏರ್‌ಪೋರ್ಟಿನಲ್ಲಿ ನಾನು ಅಳಲಿಲ್ಲ. ತೀರ್ಪು ಇನ್ನೂ ಆಗಿಲ್ಲ, ಅದು ನನ್ನ ಕೈಯಲ್ಲಿದೆ, ಅವನು ಬಂದಾಗ ‘ಇಲ್ಲೇ ಇರು’ ಎಂದು ಹೇಳಿದರೆ ಮುಗಿಯಿತು ಎಂದು ನಂಬಿದ್ದೆ. ಹಲ್ಲು ಬಿದ್ದಾಗ ಮಕ್ಕಳು ಅದನ್ನು ಡಬ್ಬಿಯಲ್ಲಿ ಕಾಪಾಡುವಂತೆ ಆ ಹಕ್ಕನ್ನು ಕಾಪಾಡಿಕೊಂಡೆ.

ಇಬ್ಬರ ನಡುವೆ ಮತದಾನ ನಡೆಯುವುದಿಲ್ಲ ಎಂದು ಆಮೇಲೆ ತಿಳಿಯಿತು. ಇಬ್ಬರೇ ಇದ್ದರೆ ಒಬ್ಬರು ಹಟ ಮಾಡಬೇಕು, ಇನ್ನೊಬ್ಬರು ಸುಮ್ಮನಾಗಬೇಕು. ಬಟ್ಟಲುಗಳು ಮೇಲಿನ ಕಪಾಟು ಸೇರಿದವು. ಭಾನುವಾರ ಅಮ್ಮ ಏನು ಮಾಡಲಿ ಎಂದು ಕೇಳುತ್ತಿದ್ದಳು, ನಾನು ಏನಾದರೂ ಮಾಡು ಅನ್ನುತ್ತಿದ್ದೆ. ಶಾಲೆಯಿಂದ ಬಂದು ಕೊರಳಿನ ದಾರದಲ್ಲಿದ್ದ ಕೀಲಿಯಿಂದ ಬಾಗಿಲು ತೆಗೆದು, ಯಾರೂ ಇಲ್ಲದ ಮನೆಗೆ ಜೋರಾಗಿ ‘ತದಾಇಮಾ’, ಬಂದೆ ಎಂದು ಕೂಗುತ್ತಿದ್ದೆ. ಪಕ್ಕದ ಮನೆಯ ಟೀವಿಯೊಂದೇ ಮಾತಾಡುತ್ತಿತ್ತು. ಕುರ್ಚಿಯ ಕಾಲಿನಡಿಯ ಕಾಗದ ಸವೆದು ತೆಳ್ಳಗಾಗಿ ಮತ್ತೆ ಅಲುಗಾಟ ಶುರುವಾಯಿತು. ಅಮ್ಮ ರಟ್ಟಿನ ತುಂಡು ಇಡಲು ಬಂದಾಗ ಬೇಡವೆಂದೆ, ಅಪ್ಪ ಬಂದು ಇಡಲಿ ಎಂದೆ. ಆಗಷ್ಟೇ ಫುನಾಬೊರಿ ಕಡೆ ಭಾರತೀಯ ಸಂಸಾರಗಳು ಹೆಚ್ಚುತ್ತಿದ್ದವು. ದೀಪಾವಳಿಗೆ ಅಮ್ಮ ನನ್ನನ್ನು ಅಲ್ಲಿಗೆ ಕರೆದೊಯ್ದಳು. ಬೆಂಗಳೂರಿನ ಒಬ್ಬ ಆಂಟಿ ನನ್ನ ಕೆನ್ನೆ ಹಿಂಡಿ ವಿಚಾರಿಸಿದರು.

"ಡ್ಯಾಡಿ ಎಲ್ಲಮ್ಮಾ? ಆಫೀಸಾ?"

"ಎಲೆಕ್ಷನ್‌ಗೆ ಹೋಗಿದಾರೆ," ಎಂದೆ.

ಅವರು ನಕ್ಕು ಅಮ್ಮನ ಮುಖ ನೋಡಿ, ನಗು ನಿಲ್ಲಿಸಿ, ಕೈಗೆ ಇನ್ನೊಂದು ಚಕ್ಕುಲಿ ಕೊಟ್ಟರು.

ಅಪ್ಪ ಗೆದ್ದ. ಪಾರ್ಲಿಮೆಂಟಿನಲ್ಲಿ ಅವನು ಮಾತಾಡುವ ವಿಡಿಯೊವನ್ನು ನಾವು ಕಂಪ್ಯೂಟರಿನಲ್ಲಿ ನೋಡಿದೆವು. ಅಮ್ಮ ಓಜಿಮಾದಲ್ಲೇ ಕೊಡಿಸಿದ್ದ ನೀಲಿ ಟೈ ಕಟ್ಟಿದ್ದ. ಕೈ ಆಡಿಸುವ ರೀತಿ, ಮಧ್ಯೆ ತಡೆದು ತುಟಿ ಒತ್ತುವ ರೀತಿ ಎಲ್ಲ ನನ್ನ ಅಪ್ಪನದೇ, ಮಾತು ಮಾತ್ರ ನನಗೆ ಅರ್ಥವಾಗಲಿಲ್ಲ. ಅಮ್ಮನಿಗೂ ಆಗಲಿಲ್ಲ. ಎಲ್ಲ ಕೇಳಿ ಮುಗಿದ ಮೇಲೆ ಅಮ್ಮ, ಟೈ ಸ್ವಲ್ಪ ವಾರೆಯಾಗಿದೆ ಎಂದಳು. ಅವನ ಫೋನು ವಾರಕ್ಕೊಮ್ಮೆ ಬರುತ್ತಿತ್ತು. ನನ್ನ ಬಲ್ಗೇರಿಯನ್ ಆ ಫೋನಿನಷ್ಟೇ ಉದ್ದಕ್ಕೆ ಮೊಟಕಾಗುತ್ತ ಬಂತು. ಇಂಗ್ಲಿಷಿಗೂ ಮನೆಯಲ್ಲಿ ಕೆಲಸವಿಲ್ಲದಾಯಿತು. ಉಳಿದದ್ದು ನಾನು, ಅಮ್ಮ ಮತ್ತು ಕನ್ನಡ. ಅಮ್ಮ ಸಂಜೆ ಹೊತ್ತು ತರಕಾರಿ ಹೆಚ್ಚುತ್ತ ತನ್ನ ರಾಜಾಜಿನಗರ, ತನ್ನ ಪ್ರಯೋಗಾಲಯ, ತನ್ನ ಸಿಟ್ಟು ಎಲ್ಲವನ್ನೂ ನನ್ನ ಹತ್ತಿರ ಹೇಳತೊಡಗಿದಳು, ಹೇಳುವುದಕ್ಕೆ ಇನ್ಯಾರೂ ಇರಲಿಲ್ಲ. ಈಗ ನಾನು ಬರೆಯುತ್ತಿರುವ ಈ ಭಾಷೆ ನನಗೆ ದಕ್ಕಿದ್ದು ಹಾಗೆ. ಅಪ್ಪ ಮನೆಯಲ್ಲೇ ಇದ್ದಿದ್ದರೆ ನಾನು ಕನ್ನಡದಲ್ಲಿ ಬರೆಯುತ್ತಿರಲಿಲ್ಲ. ಇದನ್ನು ಲಾಭವೆನ್ನಬೇಕೋ ಏನೋ, ನನಗೆ ಇವತ್ತಿಗೂ ಹಾಗೆ ಅನ್ನಲು ಬಾಯಿ ಬರುವುದಿಲ್ಲ.

ಮುಂದಿನ ಬೇಸಿಗೆ ರಜೆಗೆ ಅಪ್ಪ ಬಂದ. ಸ್ವಲ್ಪ ದಪ್ಪಗಾಗಿದ್ದ. ನಿಶಿದಾ-ಸಾನ್ ಅವರ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, ಅವರ ಮೊಮ್ಮಗನ ಹೆಸರು ಹಿಡಿದು ವಿಚಾರಿಸಿದ. ಮೊದಲು ಅವನಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ನನ್ನನ್ನು ಎತ್ತಿಕೊಂಡ, ನಾನು ಅವನ ಕುತ್ತಿಗೆಗೆ ಜೋತುಬಿದ್ದೆ. ಎರಡು ದಿನ ಮನೆಯ ತುಂಬ ಅವನ ದನಿ ತುಂಬಿತ್ತು. ಮೂರನೆಯ ದಿನ ನಾನೊಂದು ವಿಷಯ ಗಮನಿಸಿದೆ. ನೀರು ಕುಡಿಯಲು ಹೋದವನು ಫ್ರಿಜ್ಜಿನ ಹಿಡಿಯ ಮೇಲೆ ಕೈಯಿಟ್ಟು ಅಮ್ಮನ ಕಡೆ ತಿರುಗಿ ಕೇಳಿದ.

"ತೆಗೆಯಬಹುದಾ?"

ಅಮ್ಮ ಒಂದು ಕ್ಷಣ ಅವನನ್ನೇ ನೋಡಿ, "ಇದೇನ್ ಕೇಳೋದು, ತೆಗಿ," ಎಂದಳು.

ಭಾನುವಾರಕ್ಕೆ ನಾನು ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಕುರ್ಚಿ ಹತ್ತಿ ಬಟ್ಟಲುಗಳನ್ನು ಇಳಿಸಿ ತೊಳೆದೆ. ಮೆಣಸಿನಕಾಯಿ, ಚೀಸು, ಕೋಸಿನ ಎಲೆ ಇಟ್ಟೆ. ನನ್ನ ಯೋಜನೆ ಸರಳವಾಗಿತ್ತು. ಹಳೆಯ ಲೆಕ್ಕದಂತೆ ನಾನು ಕಾಳು ಹಾಕಿದರೆ ಅಡುಗೆಯ ಮತ ಸಮ ಬರುತ್ತದೆ. ಆಗ ಅಪ್ಪ ನಗುತ್ತ, ಚಿಕ್ಕವರು ಹೇಳಲಿ ಅನ್ನುತ್ತಾನೆ. ಆಗ ನಾನು ಅಡುಗೆಯ ಮಾತು ಬಿಟ್ಟು, ಹೋದ ವರ್ಷದ್ದನ್ನು ಹೇಳುತ್ತೇನೆ, ಇಲ್ಲೇ ಇರು ಅನ್ನುತ್ತೇನೆ. ನಿಯಮ ನಿಯಮವೇ ಎಂದು ಅವನೇ ಅಂದಿದ್ದಾನೆ. ಅಮ್ಮನಿಗೆ ನನ್ನ ಯೋಜನೆ ಹೇಳಿರಲಿಲ್ಲ. ಆದರೆ ಅವಳು ಎಂದೂ ಇಲ್ಲದಂತೆ ಬೇಳೆ ನೆನೆಹಾಕದೆ ಸುಮ್ಮನಿದ್ದಳು.

ನಾನು ಓಕೊನೊಮಿಯಾಕಿಗೆ ಮೂರು, ಬಿಸಿಬೇಳೆಬಾತಿಗೆ ಎರಡು, ಬಾನಿತ್ಸಕ್ಕೆ ಒಂದು ಕಾಳು ಹಾಕಿ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತೆ. ಅಪ್ಪ ಎದ್ದು ನಿಲ್ಲಲಿಲ್ಲ, ಭಾಷಣ ಮಾಡಲಿಲ್ಲ. ಚಳಿಯೂ ಬೆಣ್ಣೆಯೂ ಅವನ ಅಜ್ಜಿಯ ಕೈಯೂ ಬರಲಿಲ್ಲ. ನನ್ನನ್ನು ನೋಡಿ ಚೆಂದಕ್ಕೆ ನಕ್ಕ. ನಿಶಿದಾ-ಸಾನ್ ಕೈ ಹಿಡಿದು ನಕ್ಕಂಥದೇ ನಗು. ಮೂರು ಕಾಳು ತೆಗೆದು ಕೋಸಿನ ಎಲೆಯ ಬಟ್ಟಲಿಗೆ, ನನ್ನದಕ್ಕೆ ಹಾಕಿದ. ಎರಡು ಅಮ್ಮನ ಮೆಣಸಿನಕಾಯಿಗೆ. ಉಳಿದ ಒಂದನ್ನು ತನ್ನ ಚೀಸಿನ ಬಟ್ಟಲಿಗೆ, ಸದ್ದಾಗದ ಹಾಗೆ.

ಅಮ್ಮನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅವಳು ಜನ್ಮದಲ್ಲಿ ಮಾಡದ ಕೆಲಸವೊಂದನ್ನು ಮಾಡಿದಳು. ತನ್ನ ಬಿಸಿಬೇಳೆಬಾತನ್ನು ಬಿಟ್ಟು ಮೂರೂ ಕಾಳನ್ನು ಬಾನಿತ್ಸಕ್ಕೆ ಹಾಕಿದಳು. ಅವನ ಪರವಾಗಿ ವಾದಿಸಲು ಅವನೇ ಇಲ್ಲದಾಗ ಇನ್ಯಾರಾದರೂ ವಾದಿಸಬೇಕಲ್ಲ ಎನ್ನುವ ಹಾಗೆ. ಆದರೂ ಎಣಿಸಿದಾಗ ನನ್ನ ಬಟ್ಟಲಿನಲ್ಲೇ ಹೆಚ್ಚಿತ್ತು.

"ಗೆದ್ದೆ!" ಎಂದು ಅಪ್ಪ ಚಪ್ಪಾಳೆ ತಟ್ಟಿದ.

ಅವನ ಮುಖದಲ್ಲಿ ಸೋತ ಸಿಟ್ಟು ಇರಲಿಲ್ಲ. ನಾನು ಅದನ್ನು ಹುಡುಕಿದೆ. ಹುಟ್ಟುಹಬ್ಬದ ದಿನ ಅಳುತ್ತಿದ್ದ ನನ್ನ ಮುಂದೆ ಮಂಡಿಯೂರಿ, ಆಗ ನಾನು ಈ ಮೇಜಿನಲ್ಲಿ ಎಲ್ಲಿದ್ದೇನೆ ಎಂದು ಅವನು ಕೇಳಿದ್ದ ಪ್ರಶ್ನೆ ಆಗ ನೆನಪಾಯಿತು, ಮತ್ತು ಆಗಲೇ ಅದು ಅರ್ಥವಾಯಿತು. ಇಲ್ಲೇ ಇರು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಕೇಳಿದ್ದರೆ ಅವನು ಒಪ್ಪಿಯೂ ಬಿಡುತ್ತಿದ್ದನೇನೋ, ಇದೇ ನಗು ನಕ್ಕು, ನನ್ನ ಬಟ್ಟಲಿಗೆ ಮೂರು ಕಾಳು ಹಾಕಿದ ಹಾಗೆಯೇ. ಆ ಹೆದರಿಕೆಗೇ ನಾನು ಬಾಯಿ ಬಿಡಲಿಲ್ಲ. ಎದ್ದು ಹೋಗಿ ಕೋಸು ತಂದೆ. ಊಟಕ್ಕೆ ಕೂತಾಗ ಅಪ್ಪ ಎರಡನೆಯ ಸಲ ಹಾಕಿಸಿಕೊಂಡ. ಚೆನ್ನಾಗಿದೆ, ಚೆನ್ನಾಗಿದೆ ಎಂದ. ಅರ್ಧ ತಟ್ಟೆ ಮುಗಿಯುವ ಹೊತ್ತಿಗೆ ಮೊದಲ ಬಾರಿಗೆ, ಸಾಕು ಎಂದ.

ಊಟವಾದ ಮೇಲೆ ನಾನೂ ಅಮ್ಮನೂ ಪಾತ್ರೆ ತೊಳೆಯಲು ನಿಂತೆವು. ಮೂರನೆಯವರಿಗೆ ಅಲ್ಲಿ ಜಾಗವಿರಲಿಲ್ಲ, ಅಪ್ಪ ಆಚೆ ಇದ್ದ. ಅಮ್ಮ ನಲ್ಲಿಯ ಸದ್ದಿನೊಳಗೆ ದನಿ ತಗ್ಗಿಸಿ ಕೇಳಿದಳು. ನನ್ನ ಯೋಜನೆ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

"ಕೇಳ್ಲಿಲ್ವಾ?"

"ಇಲ್ಲ."

"ಯಾಕೆ?"

"ಸಮ ಬರ್ಲಿಲ್ಲ, ಅಮ್ಮ."

ಅಮ್ಮ ಒದ್ದೆ ಕೈಯಲ್ಲೇ ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು. ಹೋದ ವರ್ಷ ಅವಳು ಕನ್ನಡಕದ ಡಬ್ಬಿಗೆ ಹಾಕಿದ ಮೂರು ಕಾಳಿಗಾಗಿ ನನ್ನೊಳಗೆ ಉಳಿಸಿಕೊಂಡಿದ್ದ ಕೋಪ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅವಳು ಮೂರು ಬಟ್ಟಲಿನ ಕಾಳನ್ನೂ ಒಂದಕ್ಕೇ ಸುರಿದು, ಬೆಳಗಿನ ಉಸಲಿಗೆಂದು ನೀರು ಹಾಕಿ ಮುಚ್ಚಿಟ್ಟಳು. ನಾನು ತಿರುಗಿ ನೋಡಿದಾಗ ಅಪ್ಪ ಹೊಸ್ತಿಲ ಹತ್ತಿರ ನೆಲಕ್ಕೆ ಬಗ್ಗಿದ್ದ. ಜೇಬಿನಿಂದ ತನ್ನ ಚುನಾವಣೆಯ ಕರಪತ್ರ ತೆಗೆದು, ತನ್ನದೇ ಮುಖವಿದ್ದ ಆ ದಪ್ಪ ಕಾಗದವನ್ನು ಮಡಚಿ ಮಡಚಿ ನನ್ನ ಕುರ್ಚಿಯ ಕಾಲಿನಡಿ ಇಡುತ್ತಿದ್ದ. ಇಟ್ಟು, ಒತ್ತಿ ನೋಡಿ, ಬಾ ಕೂತುಕೋ ಎಂದು ಕರೆದ. ನಾನು ಹೋಗಿ ಕೂತೆ. ರಜೆ ಮುಗಿಸಿ ಅವನು ಸೋಫಿಯಾಕ್ಕೆ ಹೊರಟ ಮೇಲೂ ಆ ಕುರ್ಚಿ ಅಲುಗಲಿಲ್ಲ.